ಕೇಳದೆ ಸುರಿದ ನೀರು

ಹೆರಿಗೆ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವರಿಗೆ ಗಡಿಬಿಡಿ ಸಿಸ್ಟರ್ ಎಂಬ ಹೆಸರನ್ನು ಯಾರು ಇಟ್ಟರೋ, ನಿವೃತ್ತಿಯಾದ ಮೇಲೂ ಅದು ಬಿಡಲಿಲ್ಲ. ಅವರು ಕೂತು ಊಟ ಮಾಡಿದ್ದನ್ನು ಕಂಡವರಿಲ್ಲ. ಒಂದು ಕೈಯಲ್ಲಿ ಬ್ರೆಡ್ಡಿನ ತುಂಡು, ಇನ್ನೊಂದು ಕೈಯಲ್ಲಿ ಮಡಿಸಿದ ಹೊದಿಕೆ, ಹೆಗಲಿನಿಂದ ಬಾಗಿಲು ನೂಕಿಕೊಂಡು ಬರುವುದೇ ಅವರ ರೀತಿ. ನಿವೃತ್ತಿಯ ದಿನ ವಾರ್ಡಿನವರೆಲ್ಲ ಸೇರಿ ತಮಾಷೆಗೆ ಒಂದು ಒರಗು ಕುರ್ಚಿ ಕೊಟ್ಟರು. ವಾರದೊಳಗೆ ಅದರ ಮೇಲೆ ಇಸ್ತ್ರಿಗೆ ಕಾದ ಬಟ್ಟೆಗಳು ಆರಾಮಾಗಿ ಒರಗಿಕೊಂಡವು. ಸಿಸ್ಟರ್ ನಿಂತೇ ಇದ್ದರು.

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಅವರು ಮಗಳ ಮನೆ ಸೇರಿದರು. ಮೂರನೇ ಮಹಡಿ, ಎರಡು ಕೋಣೆ. ಅಡುಗೆಮನೆಯ ಕಿಟಕಿಯಿಂದ ಎದುರು ಕಟ್ಟಡದ ನೀರಿನ ಪೈಪುಗಳು ಕಾಣುತ್ತಿದ್ದವು. ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಅಳಿಯ ಲಿಫ್ಟ್ ರಿಪೇರಿಯವನು. ಎಷ್ಟು ತೊಳೆದರೂ ಅವನ ಉಗುರಿನ ಸಂದಿಯಲ್ಲಿ ಗ್ರೀಸ್ ಉಳಿದೇ ಇರುತ್ತಿತ್ತು. ತಾಯಿ ಮಗಳು ಹುಟ್ಟಿನಿಂದ ಕಥೋಲಿಕರು. ಅಳಿಯ ಮಾರ್ಮನ್, ಅಂದರೆ ಅಮೆರಿಕದಲ್ಲಿ ಶುರುವಾದ ಇನ್ನೊಂದು ಕ್ರೈಸ್ತ ಸಭೆಯವನು.

ಅವನು ಮಾರ್ಮನ್ ಆಗಿದ್ದೂ ಲಿಫ್ಟಿನಿಂದಲೇ. ಮದುವೆಗೆ ಎರಡು ವರ್ಷ ಮೊದಲು ಒಂದು ಹಳೆಯ ಕಟ್ಟಡದಲ್ಲಿ ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ಲಿಫ್ಟ್ ನಿಂತು ಇಬ್ಬರು ಒಳಗೆ ಸಿಕ್ಕಿಕೊಂಡಿದ್ದರು. ಬಿಳಿ ಅಂಗಿ, ಕಪ್ಪು ಟೈ, ಎದೆಯ ಮೇಲೆ ಹೆಸರಿನ ಬಿಲ್ಲೆ. ಮನೆಮನೆಗೆ ಹೋಗಿ ತಮ್ಮ ಸಭೆಯ ವಿಷಯ ತಿಳಿಸುವ ಹೊರ ಊರಿನ ಯುವಕರು. ಬಾಗಿಲು ಬಿಡಿಸಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನು ಹೊರಗಿನಿಂದ ಅವರಿಗೆ ಧೈರ್ಯ ಹೇಳುತ್ತಿದ್ದ, ಅವರು ಒಳಗಿನಿಂದ ಅವನಿಗೆ ದೇವರ ವಿಷಯ ಹೇಳುತ್ತಿದ್ದರು. ಅವನು ಅನಾಥಾಲಯದಲ್ಲಿ ಬೆಳೆದವನು, ತಂದೆ ತಾಯಿಯ ಹೆಸರೂ ತಿಳಿಯದವನು. ಸಂಸಾರವೆಂಬುದು ಸಾವಿನಾಚೆಗೂ ಮುಂದುವರಿಯುತ್ತದೆ ಎಂದು ಆ ಕಬ್ಬಿಣದ ಬಾಗಿಲಿನ ಹಿಂದಿನಿಂದ ಬಂದ ಮಾತು ಅವನನ್ನು ಹಿಡಿದು ನಿಲ್ಲಿಸಿತು.

ಭಾನುವಾರ ಬೆಳಿಗ್ಗೆ ತಾಯಿ ಮಗಳು ಚರ್ಚಿನ ಬಲಿಪೂಜೆಗೆ ಹೋದರೆ ಅಳಿಯ ಪೀಠೋಪಕರಣದ ಅಂಗಡಿಯ ಮೇಲಿದ್ದ ಬಾಡಿಗೆ ಸಭಾಂಗಣಕ್ಕೆ ಹೋಗುತ್ತಿದ್ದ. ಮಧ್ಯಾಹ್ನ ಮೂವರೂ ಮೇಜಿಗೆ ಬಂದರೆ ವಾದ ಶುರು. ಅವನು ಕೂತು ವಾದಿಸುತ್ತಿದ್ದ, ಅತ್ತೆ ಒಲೆಗೂ ಮೇಜಿಗೂ ಓಡಾಡುತ್ತ ವಾದಿಸುತ್ತಿದ್ದರು.

"ನಿಮ್ಮಲ್ಲಿ ಸ್ವರ್ಗಕ್ಕೆ ಮೂರು ಮಹಡಿಯಂತೆ, ಹೌದೇನೋ?"

"ಮೂರು ಮಹಿಮೆ ಅಂತೀವಿ ಅತ್ತೆ."

"ಅದೇ ಮತ್ತೆ. ಮಹಡಿ ಇದ್ದ ಕಡೆ ಲಿಫ್ಟ್ ಬೇಕು, ಲಿಫ್ಟ್ ಇದ್ದ ಕಡೆ ನೀನು ಬೇಕು. ಸುಮ್ಮನೆ ಸೇರಿಲ್ಲ ನೀನು!"

"ಸತ್ತವರು ಸ್ವರ್ಗಕ್ಕೆ ಮುಂಚೆ ಕಾಯೋ ನಿಮ್ಮ ಶುದ್ಧೀಕರಣ ಸ್ಥಳ ಇನ್ನೇನು? ಕೆಳಗೂ ಅಲ್ಲ ಮೇಲೂ ಅಲ್ಲ. ಮಧ್ಯದಲ್ಲಿ ನಿಂತುಹೋದ ಲಿಫ್ಟೇ ಅಲ್ವಾ?"

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಎಂದು ಸಿಸ್ಟರ್; ಮೂವರೂ ಬೇರೆ ಬೇರೆ, ಮನಸ್ಸು ಮಾತ್ರ ಒಂದು, ತಂದೆಯಾದ ದೇವರಿಗೂ ಮೂಳೆ ಮಾಂಸದ ದೇಹವಿದೆ ಎಂದು ಅಳಿಯ. "ಹಾಗಾದ್ರೆ ದೇವರಿಗೆ ಮಂಡಿ ನೋವೂ ಬರುತ್ತೇನೋ ನನ್ನ ಹಾಗೆ?" ಎಂದು ಅವರು ಕೇಳಿದರೆ, "ಬರಲ್ಲ ಅತ್ತೆ, ಅವರು ನಿಮ್ಮಷ್ಟು ಓಡಾಡಲ್ಲ" ಎಂದು ಅವನು. ಯೇಸುವಿನ ಶಿಷ್ಯರಾದ ಅಪೊಸ್ತಲರು ಸತ್ತ ಮೇಲೆ ದೇವರು ಕೊಟ್ಟ ಅಧಿಕಾರ ಭೂಮಿಯಿಂದಲೇ ಹೋಯಿತು, ಇನ್ನೂರು ವರ್ಷದ ಹಿಂದೆ ತಮ್ಮ ಪ್ರವಾದಿಯ ಮೂಲಕ ಮರಳಿ ಬಂತು ಎಂದು ಅವನು ವಿವರಿಸಿದ ದಿನ ಮಾತ್ರ ಸಿಸ್ಟರ್ ಸೌಟು ಕೆಳಗಿಟ್ಟರು.

"ಮಧ್ಯದ ಸಾವಿರದೇಳ್ನೂರು ವರ್ಷ ದೇವರು ರಜೆ ಹಾಕಿದ್ರಾ ಅಳಿಯಂದಿರೇ? ಅಷ್ಟು ವರ್ಷ ಪ್ರಾರ್ಥನೆ ಮಾಡಿದವರೆಲ್ಲ ಗೋಡೆ ಜೊತೆ ಮಾತಾಡಿದ್ರಾ? ಹೇಳಿ, ನೀವೇ ಹೇಳಿ."

ಅವರು ಅವನನ್ನು "ಅಳಿಯಂದಿರೇ, ನೀವು" ಎಂದರೆ ನಿಜವಾಗಿ ಸಿಟ್ಟು ಬಂದಿದೆ ಎಂದರ್ಥ. ಅವನು ತಟ್ಟೆ ಎತ್ತಿಕೊಂಡು ತೊಳೆಯಲು ಹೋದ.

ಮಗಳು ಬಸುರಿಯಾದ ಮೇಲೆ ನಗು ಕಡಿಮೆಯಾಯಿತು. ಮಗು ಹುಟ್ಟಿದ ತಿಂಗಳೊಳಗೆ ಫಾದರ್ ಕೈಯಲ್ಲಿ ಜ್ಞಾನಸ್ನಾನ ಆಗಬೇಕು, ಹುಟ್ಟಿನೊಂದಿಗೇ ಬಂದ ಆದಿಪಾಪ ತೊಳೆಯಬೇಕು ಎಂದು ಸಿಸ್ಟರ್. ಹುಟ್ಟಿದ ಮಗುವಿಗೆ ಪಾಪವೇ ಇಲ್ಲ, ಎಂಟು ವರ್ಷವಾಗಿ ತಿಳಿವಳಿಕೆ ಬಂದ ಮೇಲೆ ಅದೇ ಒಪ್ಪಿ ನೀರಿಗಿಳಿಯಬೇಕು ಎಂದು ಅಳಿಯ. ಮಗಳು ಊದಿದ ಪಾದಗಳನ್ನು ಎದುರಿನ ಸ್ಟೂಲಿನ ಮೇಲೆ ಚಾಚಿ, "ಹೊಟ್ಟೆ ನನ್ನದು ಅಂತ ಇಬ್ಬರಿಗೂ ನೆನಪಿದೆ ತಾನೇ?" ಎನ್ನುತ್ತಿದ್ದಳು.

ಆರನೇ ತಿಂಗಳಿನ ಒಂದು ಭಾನುವಾರ ಅಳಿಯ ಊಟ ಮುಗಿದ ಮೇಲೂ ಏಳಲಿಲ್ಲ. ಕೈಯಲ್ಲಿದ್ದ ಚಮಚವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಅತ್ತೆ, ಒಂದು ಕೇಳ್ಬೇಕಿತ್ತು. ಮಾವನ ಹೆಸರನ್ನ ನಮ್ಮ ದೇವಾಲಯಕ್ಕೆ ಕೊಡ್ಲಾ?"

ಸತ್ತವರ ಹೆಸರಿನಲ್ಲಿ ಬದುಕಿರುವವರು ನೀರಿಗಿಳಿದು ಜ್ಞಾನಸ್ನಾನ ಪಡೆಯುವ ಪದ್ಧತಿ ಅವನ ಸಭೆಯಲ್ಲಿತ್ತು. ಸಿಸ್ಟರ್‌ಗೆ ಅದು ಗೊತ್ತಿತ್ತು. ಅವರ ಮುಖ ಕೆಂಪೇರಿತು.

"ಅವರು ಐವತ್ತು ವರ್ಷ ಪೂಜೆ ತಪ್ಪಿಸಿದವರಲ್ಲ. ಜಪಸರ ಕೈಯಲ್ಲಿ ಹಿಡಿದೇ ಹೋದವರು. ಅವರನ್ನ ಈಗ ಮಾರ್ಮನ್ ಮಾಡ್ತೀರಾ? ಬೇಡ ಅನ್ನೋಕೆ ಬಾಯಿಲ್ಲ ಅಂತಾನಾ?"

"ಪರಲೋಕದಲ್ಲಿ ಅವರಿಗೆ ಬೇಡ ಅನ್ನೋ ಹಕ್ಕಿದೆ ಅತ್ತೆ. ನಾವು ಬಾಗಿಲು ತೆಗೆದಿಡ್ತೀವಿ ಅಷ್ಟೆ, ಬರೋದು ಬಿಡೋದು ಅವರಿಷ್ಟ. ಇಲ್ಲಿ ಹೆಂಡತಿ ಒಪ್ಪದೆ ಮಾಡೋ ಹಾಗೇ ಇಲ್ಲ, ನಮ್ಮ ನಿಯಮ ಅದು. ಅದಕ್ಕೇ ಕೇಳ್ತಾ ಇದೀನಿ." ಅವನ ದನಿ ಇಳಿಯಿತು. "ಎಲ್ರೂ ತಾತ ಮುತ್ತಾತಂದಿರ ಹೆಸರು ತರ್ತಾರೆ. ನನ್ನವರು ಅಂತ ಕೊಡೋಕೆ ನನಗೆ ಒಂದು ಹೆಸರೂ ಇಲ್ಲ. ಮಾವ ಒಬ್ಬರೇ."

ಇನ್ನೊಂದು ದಿನವಾಗಿದ್ದರೆ ಆ ಮಾತು ಸಿಸ್ಟರ್ ಅವರನ್ನು ಕರಗಿಸುತ್ತಿತ್ತು. ಅಂದು ಸಿಟ್ಟು ನೆತ್ತಿಗೇರಿತ್ತು. "ಸಾಧ್ಯವೇ ಇಲ್ಲ" ಎಂದರು. "ಸತ್ತ ಮೇಲೆ ನೀರು ಹಾಕಿ ಏನು ಬಂತು? ಉಸಿರಿದ್ದಾಗ ಹಾಕ್ಬೇಕು. ನಾನು ಹಾಕಿದೀನಿ. ಉಳಿಯಲ್ಲ ಅಂತ ಗೊತ್ತಾದ ಎಷ್ಟು ಕೂಸುಗಳಿಗೆ ಈ ಕೈಯಲ್ಲೇ ನೀರು ಹಾಕಿದೀನಿ ಗೊತ್ತಾ? ಆಪತ್ತಿನಲ್ಲಿ ಯಾರು ಬೇಕಾದ್ರೂ ಕೊಡಬಹುದು, ಫಾದರೇ ಆಗ್ಬೇಕಿಲ್ಲ."

ಮಗಳು ತಲೆಯೆತ್ತಿದಳು. ಈ ವಿಷಯವನ್ನು ಅವಳೂ ಕೇಳಿರಲಿಲ್ಲ.

"ಎಷ್ಟು ಮಕ್ಕಳು ಅತ್ತೆ?"

"ಲೆಕ್ಕ ಇಟ್ಟಿಲ್ಲ. ನಲವತ್ತು ಇರಬಹುದು."

"ಎಲ್ಲಾ ಕಥೋಲಿಕರ ಮಕ್ಕಳಾ?"

ಸಿಸ್ಟರ್ ಒದ್ದೆ ಬಟ್ಟೆ ಕೈಗೆತ್ತಿಕೊಂಡರು.

"ಅವರಮ್ಮಂದಿರಿಗೆ ಗೊತ್ತಾ?"

ಅವನು ಚುಚ್ಚಲು ಕೇಳಿರಲಿಲ್ಲ, ತಿಳಿಯಲೆಂದೇ ಕೇಳಿದ್ದ. ಸಿಸ್ಟರ್ ಮೇಜು ಒರೆಸತೊಡಗಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

ಆ ಪ್ರಶ್ನೆ ಅವರ ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ಎಲ್ಲಿಗೆ ಹೋದರೂ ಜೊತೆಗೇ ಬಂತು. ತರಕಾರಿ ತರಲು ಹೋಗಿ ಅಂಗಡಿ ದಾಟಿ ಮೂರು ಬೀದಿ ಮುಂದೆ ಹೋದರು. ಹಾಲು ಉಕ್ಕಿ ಒಲೆ ಆರಿತು. ನೆನಪಾಗದೆ ಇದ್ದ ಮುಖಗಳು ಒಂದೊಂದಾಗಿ ಬಂದವು: ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ತಾಯಂದಿರು. ಅಲ್ಲಿಗೆ ಹೋಗಿ ಎರಡು ಮಾತು ಕೇಳಲು ಎಷ್ಟು ಹೊತ್ತು ಬೇಕಿತ್ತು? ಕೇಳಿದರೆ ಬೇಡ ಎಂದಾರು ಎಂಬ ಹೆದರಿಕೆಯಿಂದಲೇ ತಾನು ಕೇಳಲಿಲ್ಲ ಎಂಬುದು ಅವರಿಗೆ ಈಗ ಹೊಳೆಯಿತು. ಹೊಳೆದ ಮೇಲೆ ಇನ್ನೂ ಕಷ್ಟವಾಯಿತು.

ಚರ್ಚಿಗೆ ಹೋಗಿ ವಯಸ್ಸಾದ ಫಾದರ್ ಹತ್ತಿರ ಹೇಳಿಕೊಂಡರು. ಫಾದರ್ ಸಮಾಧಾನವಾಗಿ ಹೇಳಿದರು: "ಸಾಯೋ ಮಗುವಿಗೆ ಕೊಟ್ಟಿದ್ದು ನಿಯಮದ ಪ್ರಕಾರ ತಪ್ಪಲ್ಲಮ್ಮ. ನೀವು ಮಾಡಿದ್ದು ಕರುಣೆಯ ಕೆಲಸ."

"ನಾನು ನಿಯಮ ಕೇಳ್ತಾ ಇಲ್ಲ ಫಾದರ್."

"ಮತ್ತೆ ಏನು ಕೇಳ್ತಾ ಇದೀರಿ?"

ಅದು ಅವರಿಗೂ ತಿಳಿದಿರಲಿಲ್ಲ. ಎದ್ದು ಬಂದುಬಿಟ್ಟರು.

ಅದಾಗಿ ಒಂದೇ ತಿಂಗಳು. ಮಗಳಿಗೆ ಅಂಗಡಿಯಲ್ಲಿ ಔಷಧಿ ಜೋಡಿಸುತ್ತಿದ್ದಾಗಲೇ ನೋವು ಬಂತು. ದಿನ ತುಂಬಲು ಇನ್ನೂ ಎರಡು ತಿಂಗಳಿತ್ತು. ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು ಮಗು, ಒಂದು ಕಿಲೋ ಇನ್ನೂರು ಗ್ರಾಂ. ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿ, ಮೂಗಿಗೆ ನಳಿಕೆ, ಎದೆಗೆ ತಂತಿ ಹಚ್ಚಿದರು.

ಮರುದಿನ ಬೆಳಿಗ್ಗೆ ಹಳೆಯ ಸಹೋದ್ಯೋಗಿಯೊಬ್ಬಳು ಸಿಸ್ಟರ್ ಅವರನ್ನು ಹತ್ತು ನಿಮಿಷದ ಮಟ್ಟಿಗೆ ಒಳಗೆ ಬಿಟ್ಟಳು. ಕೈ ತೊಳೆದು, ಗೌನು ತೊಟ್ಟು ಅವರು ಪೆಟ್ಟಿಗೆಯ ಮುಂದೆ ನಿಂತರು. ಮಗುವಿನ ಎದೆ ಮೂರು ಸಲ ಬೇಗಬೇಗ ಏರಿಳಿದು, ನಿಂತು, ಮತ್ತೆ ಏರುತ್ತಿತ್ತು. ತುಟಿಯ ಸುತ್ತ ತೆಳು ನೀಲಿ. ಆ ಬಣ್ಣ ಅವರಿಗೆ ಗೊತ್ತಿತ್ತು. ಬುದ್ಧಿ ಯೋಚಿಸುವ ಮೊದಲೇ ಕೈ ಪಕ್ಕದ ಟ್ರೇಯಿಂದ ಹತ್ತಿ ತೆಗೆದು ಶುದ್ಧ ನೀರಿನಲ್ಲಿ ಅದ್ದಿತ್ತು. ಪೆಟ್ಟಿಗೆಯ ದುಂಡು ಕಿಂಡಿಯನ್ನೂ ತೆರೆದಿತ್ತು. ಮೂರು ಹನಿ, ಒಂದು ಸಾಲು ಮಾತು. ನರ್ಸುಗಳು ತಿರುಗಿ ನೋಡುವುದರೊಳಗೆ ಮುಗಿಯುವ ಕೆಲಸ.

ಅವರು ಕಿಂಡಿ ಮುಚ್ಚಿದರು. ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದೇ ಹೊರಗೆ ಬಂದರು.

ಅಳಿಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದ. ಕೆಲಸದ ಅಂಗಿಯಲ್ಲೇ ಇದ್ದ. ಅತ್ತೆಯ ಮುಷ್ಟಿಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿದ.

"ನಾನು ಹಾಕಿಲ್ಲ" ಎಂದರು ಸಿಸ್ಟರ್. "ಕೇಳೋಕೆ ಬಂದೆ. ಹಾಕ್ಲೇನೋ?"

ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತ. "ಬೇಡ ಅಂದ್ರೆ ಬಿಡ್ತೀರಾ ಅತ್ತೆ?"

"ಗೊತ್ತಿಲ್ಲ. ಸುಳ್ಳು ಹೇಳಲ್ಲ."

"ಅವಳಿಗೆ ತೊಳೆಯೋಕೆ ಪಾಪನೇ ಇಲ್ಲ. ಈಗ ಹೋದ್ರೂ ನೇರ ದೇವರ ಹತ್ರಾನೇ. ಅದನ್ನ ನಾನು ನಂಬಿದೀನಿ." ಅವನು ಕಿಟಕಿಯ ಕಡೆಗೆ ಬೆರಳು ತೋರಿಸಿದ. "ಆದ್ರೂ ಸುಮ್ಮನಿರೋಕೆ ಆಗ್ಲಿಲ್ಲ. ಕೆಳಗೆ ಗೇಟಿನ ಹತ್ರ ನಮ್ಮ ಸಭೆಯ ಇಬ್ಬರು ಕಾಯ್ತಿದಾರೆ, ಎಣ್ಣೆ ಹಚ್ಚಿ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡೋಕೆ. ನಾನೂ ಯಾರನ್ನೂ ಕೇಳದೆ ಕರೆಸಿಬಿಟ್ಟೆ. ಬನ್ನಿ, ಮಗುವಿನ ಅಮ್ಮನ್ನೇ ಕೇಳೋಣ."

ಮಗಳು ಹೊಲಿಗೆಯ ನೋವಿನಲ್ಲಿ ಚಪ್ಪಟೆಯಾಗಿ ಮಲಗಿದ್ದಳು. ಇಬ್ಬರೂ ಮಂಚದ ಎರಡು ಬದಿಯಲ್ಲಿ ನಿಂತು, ಒಬ್ಬರ ಮಾತಿಗೊಬ್ಬರು ಅಡ್ಡ ಬಿದ್ದು ಹೇಳಿದರು. ಅವಳು ಅಮ್ಮನ ಮುಷ್ಟಿಯನ್ನೇ ನೋಡಿದಳು.

"ಅದು ಸಾಯೋ ಮಕ್ಕಳಿಗೆ ಹಾಕೋದು ಅಂತ ನೀನೇ ಹೇಳಿದ್ದೆ ಅಮ್ಮ. ಹಾಗಾದ್ರೆ ನನ್ನ ಮಗು ಸಾಯುತ್ತೆ ಅಂತ ನೋಡ್ಕೊಂಡು ಬಂದ್ಯಾ?"

ಸಿಸ್ಟರ್ ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದರು.

"ಅವಳು ಬದುಕ್ತಾಳೆ" ಎಂದಳು ಮಗಳು. "ಮನೆಗೆ ಬಂದ ಮೇಲೆ ನಾನೇ ಎತ್ಕೊಂಡು ಚರ್ಚಿಗೆ ಹೋಗ್ತೀನಿ, ಎಲ್ಲಾ ಮಕ್ಕಳ ಹಾಗೆ. ಈಗ ನೀರೂ ಬೇಡ, ಎಣ್ಣೆನೂ ಬೇಡ. ರೀ, ಅವರನ್ನ ಕಳಿಸಿಬಿಡಿ. ಪ್ರಾರ್ಥನೆ ಮಾಡೋದಾದ್ರೆ ಮಾಡಿ, ಬಾಯಿ ಮುಚ್ಕೊಂಡು ಮಾಡಿ. ನನ್ನ ಮಗುನ ನಿಮ್ಮ ವಾದಕ್ಕೆ ಎಳೀಬೇಡಿ."

ಸಿಸ್ಟರ್ ಹತ್ತಿಯನ್ನು ಕಸದ ಡಬ್ಬಕ್ಕೆ ಹಾಕಿದರು. ಅದೊಂದು ಹತ್ತಿಯ ಉಂಡೆ. ಕಲ್ಲು ಎತ್ತಿ ಹಾಕಿದಷ್ಟು ಕಷ್ಟವಾಯಿತು.

ಆಮೇಲಿನ ನಾಲ್ಕು ದಿನ ಅವರ ಬದುಕಿನಲ್ಲೇ ಅತಿ ಉದ್ದದವು. ಮಾಡಲು ಏನೂ ಇರಲಿಲ್ಲ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಅರವತ್ತೆರಡು ಹೆಜ್ಜೆ. ಅಳಿಯ ಒಂದು ಕಿಟಕಿಯ ಹತ್ತಿರ ಕಣ್ಣು ಮುಚ್ಚಿ ನಿಲ್ಲುತ್ತಿದ್ದ, ಅವರು ಇನ್ನೊಂದು ಕಿಟಕಿಯ ಹತ್ತಿರ ಜಪಸರ ತಿರುಗಿಸುತ್ತಿದ್ದರು. ಒಂದು ಮಧ್ಯಾಹ್ನ ಜಪದ ಮಧ್ಯದಲ್ಲೇ ಅವರು ಕೇಳಿದರು:

"ನಿಮ್ಮಲ್ಲಿ ಸಂಸಾರ ಶಾಶ್ವತ ಅಂತೀರಲ್ಲ. ನಿನ್ನ ಹೆಂಡತಿ ನಿಮ್ಮ ಸಭೆಗೆ ಸೇರಿಲ್ಲ. ನಿಮ್ಮಿಬ್ಬರದ್ದು?"

"ದೇವಾಲಯದಲ್ಲಿ ಗಂಡ ಹೆಂಡತಿಯನ್ನ ಶಾಶ್ವತವಾಗಿ ಬೆಸೆಯೋ ಮುದ್ರೆ ಆಗದಿದ್ರೆ ಸಾಯೋ ತನಕ ಮಾತ್ರ ಅತ್ತೆ."

"ನಮ್ಮಲ್ಲೂ ಸಾಯೋ ತನಕಾನೇ."

"ಗೊತ್ತು. ನೀವು ಅದಕ್ಕೆ ಒಗ್ಗಿಕೊಂಡಿದೀರಿ. ನಂಗೆ ಇನ್ನೂ ಒಗ್ಗಿಲ್ಲ. ಆದ್ರೆ ಸೇರು ಅಂತ ಅವಳನ್ನ ಒಂದು ದಿನಾನೂ ಒತ್ತಾಯ ಮಾಡಿಲ್ಲ."

ಆರು ವರ್ಷ ಒಂದೇ ಮೇಜಿನಲ್ಲಿ ವಾದಿಸಿದವರು. ಅವನ ಬಾಯಿಂದ ಈ ಮಾತು ಅವರು ಕೇಳಿದ್ದು ಅದೇ ಮೊದಲು.

ಐದನೇ ದಿನ ಮಗುವಿನ ತುಟಿಯ ಸುತ್ತಲಿನ ನೀಲಿ ಹೋಯಿತು. ಎಂಟನೇ ದಿನ ಮೂಗಿನ ನಳಿಕೆ ತೆಗೆದರು. ಏಳು ವಾರದ ನಂತರ ಹೊದಿಕೆಯಲ್ಲಿ ಸುತ್ತಿದ ಮಗುವನ್ನು ಅಳಿಯ ಎದೆಗವಚಿಕೊಂಡು ಮೂರು ಮಹಡಿ ಮೆಟ್ಟಿಲು ಹತ್ತಿದ. ಲಿಫ್ಟ್ ಇತ್ತು, ಅವನಿಗೆ ಅಂದು ಅದರ ಮೇಲೆ ನಂಬಿಕೆ ಬರಲಿಲ್ಲ.

ಮಗುವಿಗೆ ನಾಲ್ಕು ತಿಂಗಳಾದಾಗ ಮಗಳು ಮಾತಿನಂತೆ ಚರ್ಚಿಗೆ ಹೋದಳು. ಹೋಗುವ ಮೊದಲು ಗಂಡನನ್ನು ಎದುರು ಕೂರಿಸಿಕೊಂಡು, "ಇದು ನನ್ನ ನಂಬಿಕೆ. ಅಮ್ಮನ ಒತ್ತಾಯ ಅಲ್ಲ" ಎಂದು ಹೇಳಿದಳು. ಅವನಿಗೆ ಅದು ಸರಿಯೆನಿಸಲಿಲ್ಲ. ಸರಿಯೆನಿಸುತ್ತಿಲ್ಲ ಎಂದೇ ಹೇಳಿದ. ಆದರೂ ಬಿಳಿ ಅಂಗಿ ತೊಟ್ಟು ಬಂದು ಕೊನೆಯ ಬೆಂಚಿನಲ್ಲಿ ಕೂತ. ಫಾದರ್ ತಲೆಗೆ ನೀರು ಹಾಕಿದಾಗ ಮಗು ಕಿಟಾರನೆ ಕಿರುಚಿತು. ಹೊರಗೆ ಬಂದ ಮೇಲೆ ಅಳಿಯ ಅದರ ಒದ್ದೆ ತಲೆಯನ್ನು ತನ್ನ ಕರವಸ್ತ್ರದಿಂದ ಒರೆಸಿದ.

"ಎಂಟು ವರ್ಷ ಆದಾಗ ನಾನು ಅವಳನ್ನ ಕೇಳ್ತೀನಿ ಅತ್ತೆ."

"ಕೇಳು" ಎಂದರು ಸಿಸ್ಟರ್.

ಅವರು ಬಯಸಿದ್ದು ಆಯಿತು. ಗೆದ್ದೆನೆಂಬ ಸಂತೋಷಕ್ಕಾಗಿ ಅವರು ಎರಡು ದಿನ ಕಾದರು, ಅದು ಬರಲಿಲ್ಲ. ಫಾದರ್ ಮಗಳನ್ನು ಕೇಳಿದ್ದರು: ನಿಮ್ಮ ಮಗುವಿಗಾಗಿ ಏನನ್ನು ಬೇಡುತ್ತೀರಿ? ಮಗಳು ಗಟ್ಟಿಯಾಗಿ ಉತ್ತರ ಕೊಟ್ಟಿದ್ದಳು. ಪೂಜಾವಿಧಿಯ ಮೊದಲ ಮಾತೇ ತಾಯಿ ತಂದೆಯನ್ನು ಕೇಳುವ ಪ್ರಶ್ನೆ ಎಂಬುದನ್ನು ಅಷ್ಟು ವರ್ಷ ಕೇಳಿಯೂ ತಾನು ಗಮನಿಸಿರಲಿಲ್ಲವಲ್ಲ ಎನಿಸಿತು.

ಆ ನಲವತ್ತು ತಾಯಂದಿರಲ್ಲಿ ಒಬ್ಬಳಿರುವ ಜಾಗ ಅವರಿಗೆ ಗೊತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಿಟಕಿ ಗಾಜು ಕತ್ತರಿಸಿಕೊಡುವ ಅಂಗಡಿ. ಮಂಗಳವಾರ ಬೆಳಿಗ್ಗೆ ಹೋದರು. ಗಾಜಿನಂಗಡಿಯವಳು ಅಳತೆಪಟ್ಟಿ ಒತ್ತಿ ಹಿಡಿದು ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದಳು. ಗಾಜು ಟಕ್ಕನೆ ಎರಡಾದ ಮೇಲೆ ಕೈಗವಸು ಕಳಚಿ, "ಯಾವ ಅಳತೆ ಬೇಕಿತ್ತಮ್ಮ?" ಎಂದಳು.

ಸಿಸ್ಟರ್ ತಾನು ಯಾರೆಂದು ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು ಹೇಳಿದರು. ಗಂಡು ಮಗು, ನಲವತ್ತು ನಿಮಿಷ ಇತ್ತು. ಅದರ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಟ್ಟೆ. ನಿಮ್ಮನ್ನು ಕೇಳಲಿಲ್ಲ. ಹೇಳಲೂ ಇಲ್ಲ.

"ನಾವು ಆ ಮತದವರಲ್ಲ" ಎಂದಳು ಅವಳು.

"ಗೊತ್ತಿತ್ತು."

"ಗೊತ್ತಿದ್ದೂ ಹಾಕಿದ್ರಾ?"

"ಹೌದು."

ಅವಳು ಕತ್ತರಿಸಿದ ಗಾಜನ್ನು ಎತ್ತಿ ಗೋಡೆಗೆ ಒರಗಿಸಿದಳು. ಬೆನ್ನು ಮಾಡಿಕೊಂಡೇ ಹೇಳಿದಳು: "ನಾನು ಪಕ್ಕದ ಕೋಣೇಲೇ ಇದ್ದೆ. ಎಚ್ಚರವಾಗಿದ್ದೆ. ಮಗು ತೋರಿಸಿ ಅಂತ ಕೇಳಿದ್ದೆ, ಆಮೇಲೆ ಆಮೇಲೆ ಅಂದ್ರು. ಮುಗಿದ ಮೇಲೆ ಬಟ್ಟೆ ಸುತ್ತಿ ತಂದ್ರು."

ಆಮೇಲೆ ಎಂದವರಲ್ಲಿ ಸಿಸ್ಟರ್ ಕೂಡ ಒಬ್ಬರು.

ಅವಳು ತಿರುಗಿದಳು. ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. "ಕಣ್ಣು ಬಿಟ್ಟಿದ್ನಾ?"

"ಒಂದು ಸಲ. ನೀರು ಬಿದ್ದಾಗ."

"ತಣ್ಣೀರಾ?"

"ಇಲ್ಲ. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದ್ದೆ."

"ಅತ್ತನಾ?"

"ಸಣ್ಣಗೆ."

"ಅವನು ಅಳಲೇ ಇಲ್ಲ ಅಂತ ಹೇಳಿದ್ರಲ್ಲ ನಂಗೆ." ಅವಳು ಮತ್ತೆ ಮತ್ತೆ ಅದನ್ನೇ ಕೇಳಿದಳು, ಸಿಸ್ಟರ್ ಮತ್ತೆ ಮತ್ತೆ ಹೇಳಿದರು. ಕೊನೆಗೆ ಅವಳು ಕೈಗವಸು ಹಾಕಿಕೊಂಡಳು. "ನೀವು ಮಾಡಿದ್ದನ್ನ ನಾನು ಒಪ್ಪಲ್ಲ. ಅವನು ನಮ್ಮ ಮಗು. ಗುರುವಾರ ಬನ್ನಿ, ಅವನ ಅಪ್ಪ ಇರ್ತಾರೆ. ಅವರಿಗೂ ನೀವೇ ಹೇಳ್ಬೇಕು. ಅತ್ತಿದ್ದನ್ನೂ ಹೇಳ್ಬೇಕು."

ಗುರುವಾರ ಅಳಿಯ ಜೊತೆಗೆ ಬಂದು ಬೀದಿಯ ಎದುರು ಬದಿಯಲ್ಲಿ ನಿಂತಿದ್ದ. ಸಿಸ್ಟರ್ ಅರ್ಧ ಗಂಟೆಯ ಮೇಲೆ ಹೊರಗೆ ಬಂದರು.

"ಏನಂದ್ರು ಅತ್ತೆ?"

"ಮಗುವಿನ ಅಪ್ಪ ಎದ್ದು ಒಳಗೆ ಹೋಗಿಬಿಟ್ರು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು."

ಇಬ್ಬರೂ ಬಸ್ ನಿಲ್ದಾಣದ ಕಡೆಗೆ ನಡೆದರು. ಸಿಸ್ಟರ್ ಎರಡು ಹೆಜ್ಜೆ ಮುಂದೆಯೇ ಇದ್ದರು.

"ನಿಮ್ಮ ಸಭೆಯವರು ಹಳೇ ದಾಖಲೆ ನೋಡಿ ಸತ್ತವರನ್ನ ಹುಡುಕ್ತಾರಲ್ಲ" ಎಂದರು ತಿರುಗದೆ. "ಬದುಕಿರೋರನ್ನ ಹುಡುಕೋಕೂ ಬರುತ್ತೇನೋ ನಿಂಗೆ?"

"ಪ್ರಯತ್ನ ಮಾಡಬಹುದು. ಹೆಸರು ನೆನಪಿದೆಯಾ?"

"ಇನ್ನೊಬ್ಬ ತಾಯಿದು ನೆನಪಿದೆ. ಬಟ್ಟೆ ಕಾರ್ಖಾನೆಯಲ್ಲಿದ್ದಳು" ಎಂದರು ಸಿಸ್ಟರ್. ಬಸ್ಸು ಬರುತ್ತಿರುವುದನ್ನು ನೋಡಿ ಓಡತೊಡಗಿದರು.